ನಾಗರಿಕರ ರೇಡಿಯೋ ಮತ್ತು ಊರಿನ ಪೋಲೀಸರು

ಆಪತ್ತು ಬಂದೊದಗಿದಾಗ ಮನುಷ್ಯನು ಮೊದಲು ಯಾರನ್ನು ಕೂಗಿ ಕರೆಯುತ್ತಾನೆಂಬುದರಿಂದ ಅವನು ಯಾರನ್ನು ನಂಬಿದ್ದಾನೆಂಬುದು ತಿಳಿಯುತ್ತದೆ. ಪೋಲೀಸರು ಪ್ರಜೆಗಳ ರಕ್ಷಕರೆಂದು ಎಲ್ಲ ದೇಶಗಳ ಕಾನೂನುಗಳೂ ಹೇಳುತ್ತವೆ. ಪ್ರಜೆಗಳು ಅವರನ್ನು ಹಾಗೆ ಭಾವಿಸಿದ್ದರೆ ಎಂಬುದನ್ನು ಕಾನೂನಿನಿಂದ ಅರಿಯಲಾಗದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1958ರಿಂದ ಎರಡು ದಶಕಗಳ ಕಾಲ ಬಳಕೆಗೆ ಬಂದ ಒಂದು ಸಣ್ಣ ರೇಡಿಯೋ ಯಂತ್ರದ ಇತಿಹಾಸವು ಈ ವಿಷಯದಲ್ಲಿ ಒಳ್ಳೆಯ ಸಾಕ್ಷ್ಯವನ್ನೊದಗಿಸುತ್ತದೆ.

1958ರ ಸೆಪ್ಟೆಂಬರಿನಲ್ಲಿ ಆ ದೇಶದ ಫೆಡರಲ್ ಸಂಪರ್ಕ ಆಯೋಗವು 27 ಮೆಗಾಹರ್ಟ್ಸ್‌ನ ಆಸುಪಾಸಿನ 23 ಚಾನೆಲುಗಳನ್ನು ಸಾಮಾನ್ಯ ನಾಗರಿಕರಿಗೆ ಬಿಟ್ಟುಕೊಟ್ಟಿತು. ಇದಕ್ಕೆ 'ಸಿಟಿಜನ್ಸ್ ಬ್ಯಾಂಡ್' ಎಂದು ಹೆಸರು. ಹವ್ಯಾಸಿ ರೇಡಿಯೋಗೆ ಇದ್ದಂತಹ ಪರೀಕ್ಷೆ ಇದಕ್ಕೆ ಇರಲಿಲ್ಲ. ಅರ್ಜಿ ಹಾಕಿ ಲೈಸೆನ್ಸು ಪಡೆದರೆ ಸಾಕಾಗಿತ್ತು. ಐದು ವ್ಯಾಟಿನ ಈ ಯಂತ್ರದ ದನಿ ಸಾಮಾನ್ಯವಾಗಿ ಕೆಲವು ಮೈಲಿಗಳಾಚೆ ಕೇಳಿಸುತ್ತಿರಲಿಲ್ಲ. ಆದರೆ ಕಾರಿನಲ್ಲಿ ಇರಿಸಿಕೊಂಡು ಹೋಗಬಹುದಾಗಿದ್ದುದೇ ಅದರ ಹೆಚ್ಚುಗಾರಿಕೆ.

1962ರಲ್ಲಿ ಹೆನ್ರಿ ಕ್ರೀರ್ ಎಂಬವರು 'ರಿಯಾಕ್ಟ್' ಎಂಬ ಸ್ವಯಂಸೇವಕ ಸಂಸ್ಥೆಯನ್ನು ಕಟ್ಟಿದರು. ಇದರ ಸದಸ್ಯರು ಸರದಿಯ ಮೇಲೆ ಮನೆಯಲ್ಲಿಯೇ ಕುಳಿತು ಕಿವಿಗೊಟ್ಟಿರುವರು; ಹೆದ್ದಾರಿಯಲ್ಲಿ ಅಪಘಾತಕ್ಕೊಳಗಾದವನ ಕರೆ ಕೇಳಿಸಿದೊಡನೆ ಪೋಲೀಸರಿಗೋ ಆಂಬುಲೆನ್ಸಿನವರಿಗೋ ಟೆಲಿಫೋನು ಮಾಡುವರು. 1970ರಲ್ಲಿ ಆಯೋಗವು ಒಂಬತ್ತನೆಯ ಚಾನೆಲನ್ನು ಇಂತಹ ಕರೆಗಳಿಗೆಂದೇ ಮೀಸಲಿಟ್ಟಿತು. ಈ ವ್ಯವಸ್ಥೆಯ ತಳಹದಿ ಒಂದು ನಂಬಿಕೆ: ಸುದ್ದಿ ಮುಟ್ಟಿದರೆ ಪೋಲೀಸರು ಬರುತ್ತಾರೆ, ಬಂದರೆ ನೆರವಾಗುತ್ತಾರೆ.

ದಕ್ಷಿಣದ ರಾಜ್ಯಗಳ ಕಪ್ಪು ಜನರಿಗೆ ಈ ನಂಬಿಕೆಯಿಡಲು ಕಾರಣವಿರಲಿಲ್ಲ. 1964ರ ಜೂನ್ 21ರಂದು ಮಿಸಿಸಿಪಿಯ ನೆಶೋಬಾ ಕೌಂಟಿಯಲ್ಲಿ ಚೇನಿ, ಗುಡ್‌ಮನ್, ಶ್ವೆರ್ನರ್ ಎಂಬ ಮೂವರು ಹಕ್ಕುಚಳವಳಿಯ ತರುಣರನ್ನು ಉಪ ಷೆರಿಫ್ ಸೆಸಿಲ್ ಪ್ರೈಸ್ ಬಂಧಿಸಿದನು. ಹೊತ್ತಿಗೆ ಸರಿಯಾಗಿ ಹಿಂದಿರುಗದ ಅವರನ್ನು ಹುಡುಕುತ್ತ ಸಂಗಾತಿಗಳು ಸೆರೆಮನೆಗಳಿಗೆ ಟೆಲಿಫೋನು ಮಾಡಿದರು. ಅವರನ್ನು ಕೂಡಿಹಾಕಿದ್ದ ಸೆರೆಮನೆಯಿಂದಲೇ 'ಇಲ್ಲಿಲ್ಲ' ಎಂಬ ಉತ್ತರ ಬಂದಿತು. ರಾತ್ರಿ ಅವರನ್ನು ಬಿಟ್ಟು, ಬೆನ್ನಟ್ಟಿ ಮತ್ತೆ ಹಿಡಿದು, ಪ್ರೈಸ್ ಕೂ ಕ್ಲಕ್ಸ್ ಕ್ಲಾನಿನವರ ಕೈಗೊಪ್ಪಿಸಿದನು. ಆಗಸ್ಟ್ 4ರಂದು ಶವಗಳು ಮಣ್ಣಿನ ಒಡ್ಡಿನ ಕೆಳಗೆ ದೊರೆತವು. 1967ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದ ಏಳು ಮಂದಿಯಲ್ಲಿ ಪ್ರೈಸನೂ ಒಬ್ಬ. ಇಂತಹ ಸ್ಥಿತಿಯಲ್ಲಿ ಚಳವಳಿಗಾರರು ತಮ್ಮ ಕಾರುಗಳಿಗೂ ಕಚೇರಿಗಳಿಗೂ ದ್ವಿಮುಖ ರೇಡಿಯೋ ಅಳವಡಿಸಿಕೊಂಡುದು ಸಹಜವೇ ಸರಿ.

ಲೂಯಿಸಿಯಾನದ ಬೋಗಲೂಸಾ ಎಂಬ ಕಾಗದದ ಗಿರಣಿಯ ಊರಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1965ರ ಫೆಬ್ರವರಿ 1ರ ರಾತ್ರಿ ಅಲ್ಲಿಯ ಪೋಲೀಸ್ ಮುಖ್ಯಾಧಿಕಾರಿಯು, ಗಿರಣಿಯ ಕೆಲಸಗಾರರಾಗಿದ್ದ ರಾಬರ್ಟ್ ಹಿಕ್ಸರ ಮನೆಗೆ ಬಂದನು. ಹಿಕ್ಸರು ಇಬ್ಬರು ಬಿಳಿಯ ಚಳವಳಿಗಾರರಿಗೆ ಆತಿಥ್ಯ ನೀಡಿದ್ದರು. ಬಿಳಿಯರ ಗುಂಪೊಂದು ಬರಲಿದೆ, ಅತಿಥಿಗಳನ್ನು ಊರಾಚೆ ಕಳುಹಿಸಬೇಕು ಎಂಬುದು ಅಧಿಕಾರಿಯ ಮಾತು. ರಕ್ಷಣೆ ಕೊಡಲು ಮಾತ್ರ ಅವನು ಒಪ್ಪಲಿಲ್ಲ. ಹಿಕ್ಸ್ ದಂಪತಿಗಳು ಮಕ್ಕಳನ್ನು ಬೇರೆಯವರ ಮನೆಗೆ ಕಳುಹಿಸಿ, ನೆರೆಹೊರೆಯವರಿಗೆ ಟೆಲಿಫೋನು ಮಾಡಿದರು. ಬಂದೂಕು ಹಿಡಿದು ನೆರೆಯವರು ಬಂದರು, ಗುಂಪು ಬರಲಿಲ್ಲ. ಅದೇ ತಿಂಗಳು, ಜೋನ್ಸ್‌ಬರೋ ಊರಿನಲ್ಲಿ 1964ರಲ್ಲಿ ಹುಟ್ಟಿದ್ದ 'ಡೀಕನ್ಸ್ ಫಾರ್ ಡಿಫೆನ್ಸ್' ಎಂಬ ಆತ್ಮರಕ್ಷಣಾ ಸಂಘದ ಶಾಖೆ ಬೋಗಲೂಸಾದಲ್ಲಿ ಸ್ಥಾಪಿತವಾಯಿತು. ಹಿಕ್ಸರ ಮನೆಯ ಊಟದ ಕೋಣೆಯೇ ಅದರ ರೇಡಿಯೋ ಕೇಂದ್ರ. ಗಸ್ತು ತಿರುಗುವ ಕಾರುಗಳು ಈ ನಾಗರಿಕ ರೇಡಿಯೋದ ಮೂಲಕ ಆ ಕೋಣೆಯೊಡನೆ ಮಾತನಾಡುತ್ತಿದ್ದವು. ರಿಯಾಕ್ಟಿನ ಸದಸ್ಯನಂತೆಯೇ ಇಲ್ಲಿಯೂ ಒಬ್ಬರು ಕಿವಿಗೊಟ್ಟಿರುತ್ತಿದ್ದರು. ಆದರೆ ಕರೆ ಬಂದಾಗ ಹೊರಡುತ್ತಿದ್ದವರು ಪೋಲೀಸರಲ್ಲ, ನೆರೆಯವರು.

ಇದರಿಂದ ಇವರು ಕಾನೂನನ್ನೇ ತೊರೆದರೆಂದು ತಿಳಿಯುವುದು ಸರಿಯಲ್ಲ. ಹಿಕ್ಸರು ಆ ಪೋಲೀಸ್ ಅಧಿಕಾರಿಯ ಮೇಲೆ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. 1965ರ ಜುಲೈಯಲ್ಲಿ ನ್ಯಾಯಾಧೀಶ ಕ್ರಿಸ್ಟನ್‌ಬೆರಿಯವರು, ಚಳವಳಿಗಾರರನ್ನು ಪೋಲೀಸರು ರಕ್ಷಿಸಲೇಬೇಕೆಂದು ಆಜ್ಞೆ ಮಾಡಿದರು. ರೇಡಿಯೋ ಆ ರಾತ್ರಿಗಳನ್ನು ಕಳೆಯಲು ನೆರವಾಯಿತು. ಹಕ್ಕನ್ನು ಮಾತ್ರ ನ್ಯಾಯಾಲಯದಲ್ಲಿಯೇ ಕೇಳಬೇಕಾಯಿತು.

ಮೂರನೆಯ ಮನೋಭಾವವೊಂದು 1974ರಲ್ಲಿ ಕಾಣಿಸಿಕೊಂಡಿತು. ತೈಲದ ಅಭಾವದಿಂದಾಗಿ ಆ ವರ್ಷದ ಜನವರಿ 2ರಂದು ಅಧ್ಯಕ್ಷ ನಿಕ್ಸನ್ನರು ಗಂಟೆಗೆ 55 ಮೈಲಿಯ ವೇಗಮಿತಿಯ ಶಾಸನಕ್ಕೆ ಸಹಿ ಹಾಕಿದರು. ಹೊತ್ತಿನ ಮೇಲೆಯೇ ಸಂಪಾದನೆ ನಿಂತಿದ್ದ ಲಾರಿ ಚಾಲಕರು, ಪೋಲೀಸರು ಎಲ್ಲಿ ಅಡಗಿದ್ದಾರೆಂಬುದನ್ನು ರೇಡಿಯೋದಲ್ಲಿ ಒಬ್ಬರಿಗೊಬ್ಬರು ಸಾರತೊಡಗಿದರು. ಹೆದ್ದಾರಿ ಪೋಲೀಸರ ಅಗಲ ಅಂಚಿನ ಟೋಪಿಯು ಕಾಡುಗಿಚ್ಚಿನ ವಿರುದ್ಧದ ಪ್ರಚಾರಚಿತ್ರಗಳ 'ಸ್ಮೋಕಿ' ಕರಡಿಯ ಟೋಪಿಯನ್ನು ಹೋಲುತ್ತಿದ್ದುದರಿಂದ ಅವರಿಗೆ ಅದೇ ಅಡ್ಡಹೆಸರಾಯಿತು. ಆದರೂ ಲಾರಿ ಮಗುಚಿದಾಗ ಅದೇ ಚಾಲಕನು ಒಂಬತ್ತನೆಯ ಚಾನೆಲಿಗೆ ತಿರುಗಿ ಅದೇ ಪೋಲೀಸರ ನೆರವನ್ನು ಕೋರಬಹುದಾಗಿತ್ತು. ಅವನದು ದಂಡದ ಭಯವೇ ಹೊರತು ಪ್ರಾಣಭಯವಲ್ಲ. ಬೋಗಲೂಸಾದವರ ಸ್ಥಿತಿಗೂ ಅವನ ಸ್ಥಿತಿಗೂ ಇರುವ ಅಂತರವನ್ನು ಇಲ್ಲಿ ಮನಗಾಣಬೇಕು.

1977ರ ಜನವರಿಯಲ್ಲಿ ಚಾನೆಲುಗಳ ಸಂಖ್ಯೆ 40ಕ್ಕೆ ಏರಿತು. 1983ರಲ್ಲಿ ಲೈಸೆನ್ಸೂ ಬೇಡವಾಯಿತು. ಯಂತ್ರವು ಎಲ್ಲರ ಕೈಯಲ್ಲಿಯೂ ಒಂದೇ ಆಗಿತ್ತು. ಒಬ್ಬನು ಅದರಿಂದ ಪೋಲೀಸರನ್ನು ಕರೆದನು, ಇನ್ನೊಬ್ಬನು ಅವರಿಂದ ತಪ್ಪಿಸಿಕೊಂಡನು, ಮತ್ತೊಬ್ಬನು ಅವರು ಬಾರದ ಕಡೆ ತನ್ನವರನ್ನು ಕರೆದನು. ಈ ಭೇದಕ್ಕೆ ಕಾರಣ ಯಂತ್ರದಲ್ಲಿಲ್ಲ. ಆ ಊರುಗಳ ಪೋಲೀಸರು ಅದಕ್ಕೆ ಮೊದಲೇ ಯಾರೊಡನೆ ಹೇಗೆ ನಡೆದುಕೊಂಡಿದ್ದರೆಂಬುದರಲ್ಲಿದೆ.