ಮಂಕಿ ಹಾಗೂ ಸುತ್ತಲಿನ ಕರಾವಳಿಯಲ್ಲಿ ಸೈಕಲ್ ಸವಾರಿ ಮತ್ತು ಕಾಲುದಾರಿ ಓಟ: ಮಾರ್ಗದ ಆಯ್ಕೆ ಮತ್ತು ಅನುಮತಿ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಮಂಕಿಯು ಅರಬ್ಬೀ ಸಮುದ್ರ ಮತ್ತು ಸಹ್ಯಾದ್ರಿ ತಪ್ಪಲಿನ ನಡುವಣ ಕಿರಿದಾದ ಪಟ್ಟಿಯಲ್ಲಿದೆ. ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಮರಳದಂಡೆ, ತೆಂಗಿನ ತೋಟ, ಗದ್ದೆ, ಕೆಂಪುಕಲ್ಲಿನ ಗುಡ್ಡ ಹಾಗೂ ಅರಣ್ಯ ಎಲ್ಲವೂ ದೊರೆಯುವುದರಿಂದ ಸೈಕಲ್ ಸವಾರರು ಮತ್ತು ಓಟಗಾರರು ಈ ಭಾಗಕ್ಕೆ ಬರುತ್ತಾರೆ. ಯಾವ ದಾರಿ ಸಾರ್ವಜನಿಕವಾದುದು, ಯಾವುದಕ್ಕೆ ಅನುಮತಿ ಬೇಕು, ಯಾವ ಕಾಲದಲ್ಲಿ ಯಾವುದು ಅಪಾಯಕರ ಎಂಬುದನ್ನು ಅರ್ಜಿ ಸಲ್ಲಿಸುವ ಮುನ್ನವೇ ತಿಳಿದುಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಮಾರ್ಗವನ್ನು ಗುರುತಿಸುವ ಕ್ರಮ

(ಅ) ಗ್ರಾಮ ನಕಾಶೆ: ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕಾಶೆಗಳು ಲಭ್ಯವಿವೆ. ಇವುಗಳಲ್ಲಿ ಸರ್ವೆ ನಂಬರುಗಳ ಗಡಿಯೊಂದಿಗೆ ಬಂಡಿದಾರಿ, ಕಾಲುದಾರಿ ಮತ್ತು ಹಳ್ಳಗಳನ್ನು ಗುರುತಿಸಲಾಗಿದೆ. ಮಾರ್ಗ ರೂಪಿಸುವಾಗ ನಕಾಶೆಯಲ್ಲಿರುವ ದಾರಿಗಳಿಗೆ ಮೊದಲ ಆದ್ಯತೆ ನೀಡುವುದು.

(ಆ) ದಿಶಾಂಕ್ ತಂತ್ರಾಂಶ: ತಾವು ನಿಂತಿರುವ ಸ್ಥಳದ ಸರ್ವೆ ನಂಬರನ್ನು ಮೊಬೈಲಿನಲ್ಲಿಯೇ ತಿಳಿಯಬಹುದು. ಆ ಸರ್ವೆ ನಂಬರಿನ ಪಹಣಿಯನ್ನು ನೋಡಿದಲ್ಲಿ ಜಮೀನು ಖಾಸಗಿಯೇ, ಸರ್ಕಾರಿಯೇ ಅಥವಾ ಅರಣ್ಯವೇ ಎಂಬುದು ಸ್ಪಷ್ಟವಾಗುತ್ತದೆ. ಈ ಜಿಲ್ಲೆಯ ಸೊಪ್ಪಿನಬೆಟ್ಟಗಳು ಅಡಿಕೆ ತೋಟಿಗರ ಸವಲತ್ತಿಗಾಗಿ ಬಿಟ್ಟಿರುವ ಅರಣ್ಯ ಭೂಮಿಯಾಗಿದ್ದು, ನೋಡಲು ಬಯಲಿನಂತಿದ್ದರೂ ಎಲ್ಲರಿಗೂ ತೆರೆದ ಬಯಲಲ್ಲ ಎಂಬುದನ್ನು ಗಮನಿಸುವುದು.

(ಇ) ಸ್ಥಳಾಕೃತಿ ನಕಾಶೆ: ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕಾಶೆಗಳಲ್ಲಿನ ಸಮೋನ್ನತಿ ರೇಖೆಗಳಿಂದ ಏರಿಳಿತವನ್ನು ಅಂದಾಜಿಸಬಹುದು. ರೇಖೆಗಳು ಒತ್ತಾಗಿರುವಲ್ಲಿ ಏರು ಕಡಿದಾಗಿರುತ್ತದೆ.

(ಈ) ಸ್ಥಳೀಯರ ವಿಚಾರಣೆ: ನಕಾಶೆಯಲ್ಲಿರುವ ಕಾಲುಸಂಕ ಕಳೆದ ಮಳೆಗಾಲದಲ್ಲಿ ಕೊಚ್ಚಿಹೋಗಿರಬಹುದು. ಆದ್ದರಿಂದ ಊರಿನವರನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯತಕ್ಕದ್ದು. ದಾರಿಯು ಮನೆಯ ಅಂಗಳ ಅಥವಾ ತೋಟದೊಳಗೆ ಹಾದುಹೋದಲ್ಲಿ ಮನೆಯವರ ಒಪ್ಪಿಗೆ ಪಡೆಯುವುದು. ದಣಪೆಯನ್ನು ತೆಗೆದಲ್ಲಿ ಪುನಃ ಹಾಕುವುದು.

3. ಪರಿಗಣಿಸಬಹುದಾದ ಮಾರ್ಗಗಳು

(ಅ) ಮಂಕಿ–ಗುಣವಂತೆ–ಇಡಗುಂಜಿ (ಸೈಕಲ್): ಬಹುತೇಕ ಡಾಂಬರು ರಸ್ತೆ, ಹೊಸಬರಿಗೆ ಸೂಕ್ತ. ಗುಣವಂತೆಯ ಶಂಭುಲಿಂಗೇಶ್ವರ ದೇವಾಲಯ ಮತ್ತು 1934ರಲ್ಲಿ ಸ್ಥಾಪನೆಯಾದ ಕೆರೆಮನೆಯ ಯಕ್ಷಗಾನ ಮಂಡಳಿಯ ನೆಲೆ ಈ ದಾರಿಯಲ್ಲಿವೆ. ಸಂಕಷ್ಟಿ ಹಾಗೂ ಚೌತಿಯ ದಿನಗಳಲ್ಲಿ ಇಡಗುಂಜಿ ರಸ್ತೆಯಲ್ಲಿ ವಾಹನ ದಟ್ಟಣೆ ಹೆಚ್ಚು.

(ಆ) ಕಾಸರಕೋಡು–ಅಪ್ಸರಕೊಂಡ (ಓಟ): ಶರಾವತಿ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡು ಕಡಲತೀರವು 2020ರಲ್ಲಿ ನೀಲಿ ಬಾವುಟ ಮಾನ್ಯತೆ ಪಡೆಯಿತು. ಇಳಿತದ ವೇಳೆ ಇಲ್ಲಿಂದ ಅಪ್ಸರಕೊಂಡದ ಕಡೆಗೆ ಗಟ್ಟಿ ಮರಳಿನ ಮೇಲೆ ಓಡಬಹುದು. ಅಪ್ಸರಕೊಂಡದಲ್ಲಿ ಜಲಪಾತ ಹಾಗೂ ಗುಡ್ಡದ ಮೇಲಿನ ವೀಕ್ಷಣಾ ಸ್ಥಳಕ್ಕೆ ಏರುದಾರಿಯಿದೆ.

(ಇ) ಹೊನ್ನಾವರ–ಗೇರುಸೊಪ್ಪ (ಸೈಕಲ್): ಶರಾವತಿ ಕಣಿವೆಯ ಮೂಲಕ ಸುಮಾರು 30 ಕಿ.ಮೀ. ಗೇರುಸೊಪ್ಪ ದಾಟಿದ ಮೇಲೆ ಘಟ್ಟದ ಏರು ಆರಂಭವಾಗುತ್ತದೆ. ತಿರುವುಗಳಲ್ಲಿ ಭಾರಿ ವಾಹನಗಳಿರುವುದರಿಂದ ಅನುಭವಿಗಳು ಮಾತ್ರ ಮುಂದುವರಿಯುವುದು ಲೇಸು.

(ಈ) ಕುಮಟಾ–ಗೋಕರ್ಣ ಕಡಲದಾರಿ (ನಡಿಗೆ, ಓಟ): ವನ್ನಳ್ಳಿ, ಕಡ್ಲೆ, ಅಘನಾಶಿನಿ ಗ್ರಾಮ, ಅಲ್ಲಿಂದ ದೋಣಿಯಲ್ಲಿ ತದಡಿ, ಬಳಿಕ ಬೇಲೆಕಾನ, ಓಂ ಕಡಲತೀರ, ಕುಡ್ಲೆ ಮೂಲಕ ಗೋಕರ್ಣ. ಬಂಡೆಗಳ ಮೇಲಿನ ಕಾಲುದಾರಿ ಕಿರಿದಾಗಿದ್ದು ಸೈಕಲ್ಲಿಗೆ ಯೋಗ್ಯವಲ್ಲ. ದೋಣಿಯ ಕೊನೆಯ ವೇಳೆಯನ್ನು ಮೊದಲೇ ವಿಚಾರಿಸುವುದು.

4. ದ್ವೀಪಗಳ ಬಗ್ಗೆ

ಮುರ್ಡೇಶ್ವರದ ಎದುರಿನ ನೇತ್ರಾಣಿ ಮತ್ತು ಹೊನ್ನಾವರದ ಎದುರಿನ ಬಸವರಾಜದುರ್ಗ ದ್ವೀಪಗಳಲ್ಲಿ ಸವಾರಿ ಸಾಧ್ಯವೇ ಎಂದು ಕೆಲವರು ಕೇಳುವುದುಂಟು. ನೇತ್ರಾಣಿಯು ಜನವಸತಿಯಿಲ್ಲದ ಬಂಡೆಗಳ ದ್ವೀಪವಾಗಿದ್ದು ಸಮುದ್ರದಾಳದ ವೀಕ್ಷಣೆಗೆ ಹೆಸರಾಗಿದೆ, ಅಲ್ಲಿ ರಸ್ತೆಯಿಲ್ಲ. ಬಸವರಾಜದುರ್ಗದಲ್ಲಿ ಹಳೆಯ ಕೋಟೆಯಿದೆ. ಅಲ್ಲಿಯೂ ಸೈಕಲ್ ಮಾರ್ಗವಿಲ್ಲ. ದ್ವೀಪದ ಅನುಭವ ಬಯಸುವವರು ನದಿಯ ಕುರ್ವೆಗಳನ್ನು ಪರಿಗಣಿಸಬಹುದು. ಶರಾವತಿಯ ಮಾವಿನಕುರ್ವೆ ಮತ್ತು ಅಘನಾಶಿನಿಯ ಐಗಳಕುರ್ವೆ ಜನವಸತಿಯುಳ್ಳ ಸಮತಟ್ಟಾದ ಪ್ರದೇಶಗಳಾಗಿದ್ದು, ಏರಿಲ್ಲದ ನಿಧಾನ ಸವಾರಿಗೆ ಅನುಕೂಲ. ಇಲ್ಲಿನ ದಾರಿಗಳು ಮನೆಗಳ ನಡುವೆಯೇ ಹಾದುಹೋಗುವುದರಿಂದ ವೇಗ ಸಲ್ಲದು.

5. ಅನುಮತಿ ಮತ್ತು ಅರ್ಜಿ

(ಅ) ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಹಾಗೂ ಸಾರ್ವಜನಿಕ ಕಡಲತೀರದಲ್ಲಿ ವೈಯಕ್ತಿಕ ಸವಾರಿ ಅಥವಾ ಓಟಕ್ಕೆ ಅನುಮತಿ ಅಗತ್ಯವಿರುವುದಿಲ್ಲ.

(ಆ) ಕರ್ನಾಟಕ ಅರಣ್ಯ ಅಧಿನಿಯಮ, 1963ರನ್ವಯ ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶ ಅಪರಾಧವಾಗುತ್ತದೆ. ಅಭಯಾರಣ್ಯಗಳಿಗೆ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರನ್ವಯ ಪರವಾನಗಿ ಬೇಕು. ಗೇರುಸೊಪ್ಪದ ಸುತ್ತಲಿನ ಕಾಡುಗಳು ಸಿಂಗಳೀಕಗಳ ನೆಲೆಯಾಗಿದ್ದು, ಶರಾವತಿ ಕಣಿವೆ ಅಭಯಾರಣ್ಯವು 2019ರಲ್ಲಿ ವಿಸ್ತರಣೆಗೊಂಡಿದೆ. ಆದ್ದರಿಂದ ಹಳೆಯ ನಕಾಶೆ ಅಥವಾ ಹಳೆಯ ಅನುಭವವನ್ನೇ ಆಧರಿಸತಕ್ಕದ್ದಲ್ಲ.

(ಇ) ಅರಣ್ಯದೊಳಗಿನ ಮಾರ್ಗಕ್ಕೆ ಸಂಬಂಧಪಟ್ಟ ವಲಯ ಅರಣ್ಯ ಕಛೇರಿಯಲ್ಲಿ ವಿಚಾರಿಸುವುದು. ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳು ಹೊನ್ನಾವರ ಅರಣ್ಯ ವಿಭಾಗಕ್ಕೆ ಒಳಪಡುತ್ತವೆ. ರಾಜ್ಯದ ಅಧಿಸೂಚಿತ ಚಾರಣ ಮಾರ್ಗಗಳಿಗೆ 2024ರಲ್ಲಿ ಅರಣ್ಯ ವಿಹಾರ ಜಾಲತಾಣದ ಮೂಲಕ ಮುಂಗಡ ಕಾಯ್ದಿರಿಸುವಿಕೆ ಜಾರಿಗೆ ಬಂದಿದೆ. ಆ ಪಟ್ಟಿಯಲ್ಲಿ ಇಲ್ಲದ ಮಾರ್ಗವೆಂದರೆ ಅನುಮತಿ ಬೇಡವಾದ ಮಾರ್ಗವೆಂದು ಅರ್ಥವಲ್ಲ.

(ಈ) ಸಾಮೂಹಿಕ ಓಟ ಅಥವಾ ಜಾಥಾ ಏರ್ಪಡಿಸುವವರು ಸ್ಥಳೀಯ ಪೊಲೀಸ್ ಠಾಣೆ ಹಾಗೂ ಸ್ಥಳೀಯ ಸಂಸ್ಥೆಗೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು. ಅರ್ಜಿಯಲ್ಲಿ ದಿನಾಂಕ ಮತ್ತು ವೇಳೆ, ಮಾರ್ಗದ ನಕಾಶೆ, ಭಾಗವಹಿಸುವವರ ಸಂಖ್ಯೆ, ಪ್ರಥಮ ಚಿಕಿತ್ಸೆ ಮತ್ತು ಆಂಬುಲೆನ್ಸ್ ವ್ಯವಸ್ಥೆ, ಕಸ ವಿಲೇವಾರಿಯ ಕ್ರಮ ಹಾಗೂ ಜವಾಬ್ದಾರಿ ಹೊರುವ ವ್ಯಕ್ತಿಯ ವಿವರ ಇರುವುದು ಅಪೇಕ್ಷಣೀಯ.

6. ಋತುಮಾನ ಮತ್ತು ಮುನ್ನೆಚ್ಚರಿಕೆ

(ಅ) ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕರಾವಳಿಯಲ್ಲಿ ಭಾರಿ ಮಳೆಯಾಗುತ್ತದೆ. ಗುಡ್ಡ ಕಡಿದ ಸ್ಥಳಗಳ ಕೆಳಗೆ ನಿಲ್ಲತಕ್ಕದ್ದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ, ಚಹಾ ಕುಡಿಯಲು ವಾಹನ ನಿಲ್ಲಿಸಿದವರೂ ಪ್ರಾಣ ಕಳೆದುಕೊಂಡರು.

(ಆ) ಸಮುದ್ರ: ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ ಇರುತ್ತದೆ, ವೇಳೆಯು ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಭರತ ಹೆಚ್ಚು. ಬಂಡೆಗಳ ಬುಡದ ದಾರಿಯನ್ನು ಇಳಿತದಲ್ಲಿ ಹೋಗಿ ಭರತದ ಮುನ್ನವೇ ಮುಗಿಸುವುದು. ಓಟದ ನಂತರ ದಣಿದು ನೀರಿಗೆ ಇಳಿಯುವುದು ಅಪಾಯಕರ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದುದು ಶಾಂತವಾಗಿ ಕಾಣುವ ಕಾಲದಲ್ಲಿಯೇ ಎಂಬುದನ್ನು ಮರೆಯಬಾರದು.

(ಇ) ಕಡಲಾಮೆ: ಚಳಿಗಾಲ ಮತ್ತು ಬೇಸಿಗೆಯ ಆರಂಭದಲ್ಲಿ ಕಡಲಾಮೆಗಳು ಕಾಸರಕೋಡು ಟೊಂಕ ಮುಂತಾದ ದಂಡೆಗಳಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಗೆ ಹಾಕಿದ ಬೇಲಿಯಿಂದ ದೂರವಿರುವುದು, ಒಣಮರಳಿನ ಮೇಲ್ಭಾಗದಲ್ಲಿ ಸೈಕಲ್ ಓಡಿಸದಿರುವುದು, ರಾತ್ರಿ ತಲೆದೀಪ ಬಳಸದಿರುವುದು. ಬೆಳಕಿನಿಂದ ಮರಿಗಳು ದಿಕ್ಕು ತಪ್ಪುತ್ತವೆ. ಮೀನು ಒಣಗಿಸುವ ಸ್ಥಳ ಮತ್ತು ಬಲೆಗಳ ಮೇಲೆ ಹಾಯಬಾರದು. ಅದು ಮೀನುಗಾರರ ಜೀವನೋಪಾಯ.

(ಈ) ಮಂಗನ ಕಾಯಿಲೆ: ಡಿಸೆಂಬರ್‌ನಿಂದ ಮೇವರೆಗೆ ಕಾಡಿನಲ್ಲಿ ಉಣುಗುಗಳಿಂದ ಹರಡುವ ಈ ಜ್ವರದ ಭೀತಿ ಇರುತ್ತದೆ. ಮಂಗ ಸತ್ತಿರುವುದು ಕಂಡಲ್ಲಿ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಮೈತುಂಬ ಬಟ್ಟೆ ಧರಿಸಿ, ಡೇಪಾ ತೈಲ ಹಚ್ಚಿಕೊಂಡು ಹೋಗುವುದು. ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡುವುದು. ನಂತರ ಜ್ವರ ಬಂದಲ್ಲಿ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸುವುದು.

7. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರ: ಹೆದ್ದಾರಿ 66ರಲ್ಲಿ ಸೈಕಲ್ ಸವಾರಿ ಮಾಡಬಹುದೇ?
ಉ: ಸೇವಾ ರಸ್ತೆ ಇರುವಲ್ಲಿ ಅದನ್ನೇ ಬಳಸುವುದು. ವಿರುದ್ಧ ದಿಕ್ಕಿನಲ್ಲಿ ಚಲಿಸತಕ್ಕದ್ದಲ್ಲ. ಹಿಂಬದಿಯ ಪ್ರತಿಫಲಕ ಮತ್ತು ದೀಪ ಅವಶ್ಯಕ.

ಪ್ರ: ರೈಲಿನಲ್ಲಿ ಸೈಕಲ್ ತರಬಹುದೇ?
ಉ: ತರಬಹುದು. ಮಂಕಿಯಲ್ಲಿ ಕೊಂಕಣ ರೈಲು ನಿಲ್ದಾಣವಿದೆ. ಆದರೆ ಸೈಕಲ್ಲನ್ನು ಲಗೇಜಾಗಿ ಇಳಿಸಲು ಅನುಕೂಲವಿರುವ ನಿಲ್ದಾಣ ಯಾವುದೆಂದು ಹೊರಡುವ ನಿಲ್ದಾಣದ ಪಾರ್ಸೆಲ್ ಕಛೇರಿಯಲ್ಲಿ ವಿಚಾರಿಸಿ ಕಾಯ್ದಿರಿಸುವುದು.

ಪ್ರ: ಸೂಕ್ತ ಕಾಲ ಯಾವುದು?
ಉ: ನವೆಂಬರ್‌ನಿಂದ ಫೆಬ್ರವರಿ, ಬೆಳಿಗ್ಗೆ 6ರಿಂದ 9ರವರೆಗೆ.

8. ತುರ್ತು ಸಂದರ್ಭದಲ್ಲಿ

ತುರ್ತು ನೆರವು 112, ಆಂಬುಲೆನ್ಸ್ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ಅರಣ್ಯ ಸಹಾಯವಾಣಿ 1926. ಕಾಡು ಮತ್ತು ಕಣಿವೆಗಳಲ್ಲಿ ಮೊಬೈಲ್ ಸಂಪರ್ಕ ದೊರೆಯದಿರಬಹುದು. ಆದ್ದರಿಂದ ಹೊರಡುವ ಮುನ್ನ ಹೋಗುವ ದಾರಿ ಮತ್ತು ಮರಳುವ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರಲ್ಲಿ ಅಥವಾ ತಂಗಿದ ಸ್ಥಳದಲ್ಲಿ ಕೊಟ್ಟು ಹೋಗಲು ಸಾರ್ವಜನಿಕರಲ್ಲಿ ಕೋರಲಾಗಿದೆ. ಹುಡುಕಬೇಕಾಗಿ ಬಂದಾಗ ಎಲ್ಲಿಂದ ಆರಂಭಿಸಬೇಕೆಂಬುದನ್ನು ಆ ಚೀಟಿಯೇ ತಿಳಿಸುತ್ತದೆ.