ವೇಗದ ಆ್ಯಡರ್: ಕ್ಯಾರಿಯ ಬೆನ್ನು ಹತ್ತಿದ ಕಥೆ

ಬೈನರಿ ಸಂಕಲನದಲ್ಲಿ ಕೂಡುವುದು ಸುಲಭ. ‘ಕೈಯಲ್ಲಿ ಒಂದು’, ಅಂದರೆ ಕ್ಯಾರಿ, ಬರಲೆಂದು ಕಾಯುವುದೇ ಕಷ್ಟ. 11111111ಕ್ಕೆ 1 ಕೂಡಿಸಿ ನೋಡಿ. ಬಲತುದಿಯಲ್ಲಿ ಹುಟ್ಟಿದ ಕ್ಯಾರಿ ಎಂಟೂ ಸ್ಥಾನಗಳನ್ನು ಒಂದೊಂದಾಗಿ ದಾಟುವವರೆಗೆ ಉತ್ತರ ಸಿದ್ಧವಾಗುವುದಿಲ್ಲ. ರಿಪಲ್ ಕ್ಯಾರಿ ಆ್ಯಡರ್ ಎಂಬ ಸರಳ ಸರ್ಕ್ಯೂಟಿನ ಪಾಡು ಇದೇ. 64 ಬಿಟ್ಟಿನ ಸಂಖ್ಯೆಯಾದರೆ 64 ಸ್ಥಾನಗಳ ಸರದಿ.

ಎಲೆಕ್ಟ್ರಾನಿಕ್ಸ್ ಹುಟ್ಟುವ ಮೊದಲೇ ಈ ತೊಡಕನ್ನು ಎದುರಿಸಿದವರು ಚಾರ್ಲ್ಸ್ ಬ್ಯಾಬೇಜ್. 1830ರ ದಶಕದಲ್ಲಿ ಅನಲಿಟಿಕಲ್ ಎಂಜಿನ್ ಎಂಬ ತಮ್ಮ ಲೆಕ್ಕದ ಯಂತ್ರಕ್ಕಾಗಿ, ದಶಮಾನದ ಚಕ್ರಗಳ ಕ್ಯಾರಿಯನ್ನು ಮೊದಲೇ ಊಹಿಸಿ ಒಟ್ಟಿಗೆ ದಾಟಿಸುವ ಯಾಂತ್ರಿಕ ವ್ಯವಸ್ಥೆಯನ್ನು ಅವರು ರೂಪಿಸಿದರು. 1946ರಲ್ಲಿ ಬರ್ಕ್ಸ್, ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಲೆಕ್ಕ ಹಾಕಿ, 40 ಬಿಟ್ಟಿನ ಸಂಕಲನದಲ್ಲಿ ಅತಿ ಉದ್ದದ ಕ್ಯಾರಿ ಸರಪಳಿ ಸರಾಸರಿ ಐದು ಸ್ಥಾನಗಳ ಆಸುಪಾಸಿನಲ್ಲೇ ಇರುತ್ತದೆ ಎಂದು ತೋರಿಸಿದರು. ಆದರೆ ಗಡಿಯಾರದ ತಾಳಕ್ಕೆ ನಡೆಯುವ ಯಂತ್ರ ಸರಾಸರಿಯನ್ನು ನಂಬಿ ಕೂರುವಂತಿಲ್ಲ.

ದೊಡ್ಡ ತಿರುವು ಬಂದದ್ದು 1950ರ ದಶಕದಲ್ಲಿ. ಒಂದು ಸ್ಥಾನದ ಎರಡೂ ಬಿಟ್ 1 ಆಗಿದ್ದರೆ ಕ್ಯಾರಿ ಅಲ್ಲೇ ಹುಟ್ಟುತ್ತದೆ. ಒಂದೇ ಬಿಟ್ 1 ಆಗಿದ್ದರೆ ಹಿಂದಿನಿಂದ ಬಂದ ಕ್ಯಾರಿ ಮುಂದೆ ಸಾಗುತ್ತದೆ. ಎರಡೂ 0 ಆಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಇದನ್ನು ತಿಳಿಯಲು ಯಾವ ಸ್ಥಾನವೂ ನೆರೆಯದನ್ನು ಕಾಯಬೇಕಿಲ್ಲ. ಈ ‘ಜನರೇಟ್’, ‘ಪ್ರೊಪಗೇಟ್’ ಸಂಕೇತಗಳಿಂದ ಮುಂದಿನ ಸ್ಥಾನಗಳ ಕ್ಯಾರಿಯನ್ನು ನೇರವಾಗಿ ಕಂಡುಕೊಳ್ಳುವುದೇ ಕ್ಯಾರಿ ಲುಕ್‌ಅಹೆಡ್. 1956ರಲ್ಲಿ ವೈನ್‌ಬರ್ಗರ್ ಮತ್ತು ಸ್ಮಿತ್ ಇದೇ ದಾರಿಯಲ್ಲಿ ಒಂದು ಮೈಕ್ರೊಸೆಕೆಂಡಿನ ಆ್ಯಡರ್ ವಿನ್ಯಾಸವನ್ನು ಪ್ರಕಟಿಸಿದರು.

1962ರಲ್ಲಿ ಬೆಡ್ರಿಜ್ ಪ್ರಕಟಿಸಿದ ಕ್ಯಾರಿ ಸೆಲೆಕ್ಟ್ ಇನ್ನೊಂದು ಜಾಣ ಉಪಾಯ: ಕ್ಯಾರಿ 0 ಎಂದೊಮ್ಮೆ, 1 ಎಂದೊಮ್ಮೆ ಎರಡೂ ಉತ್ತರ ತಯಾರಿಟ್ಟುಕೊಂಡು, ನಿಜವಾದ ಕ್ಯಾರಿ ಬಂದೊಡನೆ ಸರಿಯಾದುದನ್ನು ಆರಿಸುವುದು. ಸಮಯ ಉಳಿಯಿತು, ಗೇಟುಗಳು ಹೆಚ್ಚಾದವು.

1973ರ ಕೊಗ್ಗೆ–ಸ್ಟೋನ್ ವಿಧಾನ ಈ ಕೊಡುಕೊಳ್ಳುವಿಕೆಯನ್ನು ತುದಿಗೆ ಒಯ್ದಿತು. ಮೊದಲ ಹಂತದಲ್ಲಿ ಪ್ರತಿ ಸ್ಥಾನವೂ ಒಂದು ಸ್ಥಾನ ಹಿಂದಕ್ಕೆ ನೋಡುತ್ತದೆ, ಆಮೇಲೆ 2, 4, 8 ಹೀಗೆ. 64 ಬಿಟ್ಟಿಗೆ ಆರೇ ಹಂತ ಸಾಕು. ಇದರ ಬೆಲೆ ತಂತಿಗಳ ದಟ್ಟಣೆ. ಚಿಪ್ಪಿನ ಜಾಗವನ್ನೂ ವಿದ್ಯುತ್ತನ್ನೂ ಅದು ನುಂಗುತ್ತದೆ. 1982ರಲ್ಲಿ ಬ್ರೆಂಟ್ ಮತ್ತು ಕುಂಗ್ ಹಂತಗಳನ್ನು ಹೆಚ್ಚಿಸಿ ತಂತಿಗಳನ್ನು ಕಡಿಮೆ ಮಾಡಿದರು.

ಇಂದು ಬಹುತೇಕ ವಿನ್ಯಾಸಕರು ವೆರಿಲಾಗ್‌ನಂಥ ಹಾರ್ಡ್‌ವೇರ್ ವಿವರಣಾ ಭಾಷೆಯಲ್ಲಿ ಕೂಡುವ ಚಿಹ್ನೆಯನ್ನಷ್ಟೇ ಬರೆಯುತ್ತಾರೆ. ಯಾವ ಆ್ಯಡರ್ ಎಂಬುದನ್ನು ಸಿಂಥೆಸಿಸ್ ಸಾಫ್ಟ್‌ವೇರ್ ಆರಿಸುತ್ತದೆ. ಬೇಕಾದಂತೆ ಮರುಹೊಂದಿಸಬಹುದಾದ ಎಫ್‌ಪಿಜಿಎ ಚಿಪ್ಪುಗಳಲ್ಲಂತೂ ಕ್ಯಾರಿಗೆಂದೇ ಪ್ರತ್ಯೇಕ ವೇಗದ ದಾರಿ ಇರುವುದರಿಂದ, ಸಾಮಾನ್ಯ ಅಗಲದ ಸಂಖ್ಯೆಗಳಿಗೆ ಹಳೆಯ ರಿಪಲ್ ಆ್ಯಡರ್ ಹಲವು ಬಾರಿ ಕೊಗ್ಗೆ–ಸ್ಟೋನ್ ಅನ್ನೂ ಹಿಂದಿಕ್ಕುತ್ತದೆ.