ಮೂರು ಲೆನ್ಸ್, ಒಂದು ಪ್ರವಾಸ: ಹಲಕರ್ಣಿಯ ದಾರಿಯಲ್ಲಿ ಸಿಕ್ಕ ಚರಿತ್ರೆ

ಕಳೆದ ರಜೆಯಲ್ಲಿ ನಾವು ಕೋಲ್ಹಾಪುರ ಜಿಲ್ಲೆಯ ಹಲಕರ್ಣಿಗೆ ಹೊರಟಿದ್ದೆವು. ಗಡಹಿಂಗ್ಲಜ್ ತಾಲ್ಲೂಕಿನ ಈ ಊರಿನಲ್ಲಿ ನನ್ನ ತಂಗಿಯ ಮನೆ ಇದೆ. ಭಾವ ಅಲ್ಲಿ ಸಣ್ಣದೊಂದು ಬೇಕರಿ ನಡೆಸುತ್ತಾರೆ. ಎರಡು ದಿನ ತಂಗಿಯ ಮನೆಯಲ್ಲಿದ್ದು, ಒಂದು ದಿನ ಕೋಲ್ಹಾಪುರದ ಹತ್ತಿರ ಕಣೇರಿಯಲ್ಲಿರುವ ಸಿದ್ಧಗಿರಿ ಗ್ರಾಮಜೀವನ ಮ್ಯೂಸಿಯಂ ನೋಡಿ ಬರುವುದು ನಮ್ಮ ಯೋಜನೆ. ಹಳೆಯ ಕಾಲದ ಹಳ್ಳಿಯನ್ನೇ ಬಯಲಿನಲ್ಲಿ ಮೂರ್ತಿಗಳಾಗಿ ನಿಲ್ಲಿಸಿದ ಜಾಗ ಅದು. ಮಕ್ಕಳ ಬಾಯಲ್ಲಿ ಅದಕ್ಕೆ ಥೀಮ್ ಪಾರ್ಕ್ ಎಂದೇ ಹೆಸರು.

ಹೊರಡುವ ಹಿಂದಿನ ರಾತ್ರಿ ಮಗಳು ಕ್ಯಾಮೆರಾ ಚೀಲವನ್ನು ಚಾಪೆಯ ಮೇಲೆ ಸುರಿದು ಕೂತಿದ್ದಳು. ಮುಂದೆ ಮೂರು ಲೆನ್ಸ್. 18–55 ಎಂಎಂ, 70–300 ಎಂಎಂ ಮತ್ತು 35 ಎಂಎಂನ ಒಂದು ಚಿಕ್ಕ ಲೆನ್ಸ್. ‘ಉಪ್ಪಾ, ಮೂರನ್ನೂ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಯಾವುದು ಬೇಕು?’ ಎಂದು ಕೇಳಿದಳು.

ನಾನು ತಕ್ಷಣ ಉತ್ತರ ಹೇಳಲಿಲ್ಲ. ಈ ಪ್ರಶ್ನೆಗೆ ಹಿಂದೊಮ್ಮೆ ತಪ್ಪು ಉತ್ತರ ಕೊಟ್ಟವನು ನಾನು.

ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ವಂಡರ್‌ಲಾ ಶುರುವಾದದ್ದು 2005ರಲ್ಲಿ. ಮರುವರ್ಷ ನಾವು ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದೆವು. ಬಾಪ, ಉಮ್ಮ, ತಂಗಿಯಂದಿರು, ಮಕ್ಕಳು. ಗಲ್ಫಿನಿಂದ ಬಂದ ಮಾಮನ ಹತ್ತಿರ ಒಂದು ರೀಲ್ ಕ್ಯಾಮೆರಾ ಇತ್ತು. ಅದಕ್ಕೆ ಎರಡು ಲೆನ್ಸ್. ಉದ್ದನೆಯ 70–300 ಕಂಡು ನನಗೆ ಆಸೆಯಾಯಿತು. ದೂರದ್ದನ್ನೆಲ್ಲ ಹತ್ತಿರ ತರುತ್ತದೆ ಎಂದು ಅದೊಂದನ್ನೇ ಎರವಲು ತಂದೆ. 36 ಫೋಟೋಗಳ ರೀಲ್ ತೊಳೆದು ಬಂದಾಗ ನೋಡಿದರೆ, ಎತ್ತರದ ತೊಟ್ಟಿಲು ಇದೆ, ಮೇಲಿನಿಂದ ಜಾರುವ ಅಪರಿಚಿತರಿದ್ದಾರೆ, ಆಕಾಶವಿದೆ. ಬಾಪ ಇರುವುದು ಎರಡೇ ಫೋಟೋಗಳಲ್ಲಿ. ಒಂದರಲ್ಲಿ ಅವರ ಬೆನ್ನು, ಇನ್ನೊಂದರಲ್ಲಿ ಅರ್ಧ ಹೆಗಲು. ಮೂರು ವರ್ಷದ ಬಳಿಕ ಬಾಪ ತೀರಿಕೊಂಡರು. ಅವರು ನಮ್ಮೊಂದಿಗೆ ಮಾಡಿದ ದೊಡ್ಡ ಪ್ರವಾಸ ಅದೊಂದೇ.

ಅದು ಲೆನ್ಸಿನ ತಪ್ಪಲ್ಲ. ಆ ಕ್ಯಾಮೆರಾದಲ್ಲಿ 70 ಎಂಎಂಗೆ ಇಟ್ಟು ಮೂರು ಮೀಟರ್ ದೂರದಿಂದ ನೋಡಿದರೆ ಒಂದೂವರೆ ಮೀಟರ್ ಅಗಲ ಮಾತ್ರ ಕಾಣುತ್ತದೆ. ನಾಲ್ಕು ಮೀಟರ್ ಅಗಲಕ್ಕೆ ಸಾಲಾಗಿ ನಿಂತ ಸಂಸಾರವನ್ನು ಹಿಡಿಯಲು ಎಂಟು ಮೀಟರ್ ಹಿಂದೆ ಹೋಗಬೇಕು. ಜನಜಂಗುಳಿಯಲ್ಲಿ ಎಂಟು ಮೀಟರ್ ಹಿಂದೆ ಹೋದರೆ ನಡುವೆ ಹತ್ತು ಜನ ಬರುತ್ತಾರೆ. ಹಾಗಾಗಿ ನಾನು ನಮ್ಮವರನ್ನು ಬಿಟ್ಟು ದೂರದ್ದನ್ನೇ ತೆಗೆಯುತ್ತ ಹೋದೆ.

ಈ ಸಲ ಉಮ್ಮ ನಮ್ಮ ಜೊತೆಗೆ ಬರುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಮುಂದಿನ ರಜೆಗೆ ಇಷ್ಟು ದೂರ ಬರಲು ಆಗುತ್ತದೋ ಇಲ್ಲವೋ. ಆದ್ದರಿಂದ ಮಗಳ ಪ್ರಶ್ನೆ ನನಗೆ ಬರೀ ಚೀಲದ ಭಾರದ ಪ್ರಶ್ನೆಯಾಗಿರಲಿಲ್ಲ.

ಅಂದು ರಾತ್ರಿ ಅವಳಿಗೆ ಹೇಳಿದ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಕಥೆ. ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದರೆ ಮಸೂರ್ ಬೇಳೆಯ ಕಾಳು. ಗಾಜನ್ನು ಎರಡೂ ಕಡೆ ಉಬ್ಬುವಂತೆ ಉಜ್ಜಿದಾಗ ಅದು ಆ ಕಾಳಿನ ಹಾಗೆಯೇ ಕಂಡಿತು, ಹೆಸರು ಅಂಟಿಕೊಂಡಿತು. ಕನ್ನಡ ಶಾಲೆಯ ಪುಸ್ತಕದಲ್ಲಿ ನಾವು ಓದಿದ ‘ಮಸೂರ’ವೂ ಅದೇ ಬೇಳೆ. ಅರಬಿಯಲ್ಲಿ ಬೇಳೆಗೆ ‘ಅದಸ್’, ಲೆನ್ಸಿಗೆ ‘ಅದಸ’. ಸೂರಃ ಅಲ್ ಬಕರದಲ್ಲಿ ಬನೀ ಇಸ್ರಾಯೀಲರು ಕೇಳಿದ ಆಹಾರಗಳ ಸಾಲಿನಲ್ಲಿ ಬರುವ ಅದಸ್ ಇದೇ. ಮದ್ರಸದಲ್ಲಿ ಒಂದು, ಶಾಲೆಯಲ್ಲಿ ಒಂದು ಎಂದು ಕಲಿತ ನಮಗೆ ಇವೆರಡೂ ಒಂದೇ ಕಾಳು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಕ್ಯಾಮೆರಾದ ಮೂಲ ತತ್ವವನ್ನು ಪರೀಕ್ಷೆ ಮಾಡಿ ಬರೆದಿಟ್ಟವರಲ್ಲಿ ದೊಡ್ಡ ಹೆಸರು ಇಬ್ನುಲ್ ಹೈಸಮ್. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದ ವಿದ್ವಾಂಸರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ಅನೇಕರು ನಂಬಿದ್ದ ಕಾಲದಲ್ಲಿ, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ‘ಕಿತಾಬುಲ್ ಮನಾಝಿರ್’ನಲ್ಲಿ ಅವರು ವಾದಿಸಿದರು. ಕತ್ತಲೆಯ ಕೋಣೆಗೆ ಒಂದು ಸಣ್ಣ ತೂತು, ಹೊರಗೆ ಸಾಲಾಗಿ ದೀಪಗಳು. ಒಳಗಿನ ಗೋಡೆಯ ಮೇಲೆ ಪ್ರತಿ ದೀಪಕ್ಕೂ ಒಂದೊಂದು ಬೆಳಕಿನ ಗುರುತು. ಒಂದು ದೀಪವನ್ನು ಮರೆಮಾಡಿದರೆ ಅದರ ಗುರುತು ಮಾತ್ರ ಮಾಯ. ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ, ಒಂದೇ ತೂತಿನಲ್ಲಿ ಹಾದರೂ ಒಂದಕ್ಕೊಂದು ಬೆರೆಯುವುದಿಲ್ಲ ಎಂದು ತೋರಿಸಿದ ಪ್ರಯೋಗ ಅದು. ಆ ಗ್ರಂಥದ ಲ್ಯಾಟಿನ್ ಅನುವಾದ 1572ರಲ್ಲಿ ಯುರೋಪಿನಲ್ಲಿ ಅಚ್ಚಾಯಿತು.

ತೂತು ಸಣ್ಣದಾದರೆ ಚಿತ್ರ ಸ್ಪಷ್ಟ, ಆದರೆ ಬೆಳಕು ಕಡಿಮೆ. ತೂತು ದೊಡ್ಡದಾದರೆ ಬೆಳಕು ಹೆಚ್ಚು, ಚಿತ್ರ ಮಸುಕು. ಈ ಜಗಳ ಬಿಡಿಸಲು ಬಂದದ್ದೇ ಲೆನ್ಸ್. 1839ರಲ್ಲಿ ಫ್ರಾನ್ಸಿನ ದಾಗೇರ್ ಫೋಟೋ ತೆಗೆಯುವ ವಿಧಾನವನ್ನು ಪ್ರಕಟಿಸಿದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೇಕಿತ್ತು. ಮನುಷ್ಯ ಅಷ್ಟು ಹೊತ್ತು ಅಲುಗಾಡದೆ ಕೂರುವುದು ಹೇಗೆ? ಮರುವರ್ಷವೇ ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್ವಾಲ್ ಲೆಕ್ಕ ಹಾಕಿ, ಬಹಳ ಬೆಳಕು ಒಳಬಿಡುವ ಲೆನ್ಸ್ ರೂಪಿಸಿದರು. ನಿಮಿಷಗಳು ಸೆಕೆಂಡುಗಳಿಗೆ ಇಳಿದವು. ಮನುಷ್ಯರ ಮುಖವನ್ನು ಹಿಡಿಯುವುದು ಒಂದು ಕಸುಬಾಗಲು ದಾರಿಯಾಯಿತು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ 50 ಎಂಎಂ ಲೆನ್ಸಿನೊಂದಿಗೆ ಜೇಬಿನಲ್ಲೇ ಹಿಡಿಸುತ್ತಿತ್ತು. ಲೆನ್ಸ್ ಬದಲಿಸದೆ ದೂರ ಹತ್ತಿರ ಮಾಡುವ ಜೂಮ್, ಈಗಿನ ಮಾದರಿಯ ಸ್ಥಿರಚಿತ್ರ ಕ್ಯಾಮೆರಾಗಳಿಗೆ ಸಿಕ್ಕಿದ್ದು 1959ರಲ್ಲಿ.

ಥೀಮ್ ಪಾರ್ಕಿನ ಕಥೆಯೂ ಕ್ಯಾಮೆರಾಕ್ಕೆ ಅಂಟಿಕೊಂಡೇ ಇದೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅದರ ಮುಖ್ಯಬೀದಿಯಲ್ಲೇ ಕೊಡಾಕ್ ಕಂಪೆನಿಯ ಕ್ಯಾಮೆರಾ ಅಂಗಡಿ ಇತ್ತು. ಜನ ಆಡಲು ಬರುತ್ತಾರೆ, ಆಡಿದ್ದನ್ನು ಮನೆಗೆ ಒಯ್ಯಲು ಬಯಸುತ್ತಾರೆ ಎಂದು ವ್ಯಾಪಾರಿಗಳು ಅಂದೇ ಅರಿತಿದ್ದರು.

ನಮ್ಮ ಮನೆಗಳಿಗೆ ಕ್ಯಾಮೆರಾ ಬಂದದ್ದು ಬೇರೆ ದಾರಿಯಲ್ಲಿ. ಹಿರಿಯರಲ್ಲಿ ಹಲವರು ಫೋಟೋ ಬೇಡ ಎನ್ನುತ್ತಿದ್ದರು. ಹಜ್ಜಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಮಾತ್ರ ಅನಿವಾರ್ಯವಾಗಿ ಸ್ಟುಡಿಯೋ ಹತ್ತುತ್ತಿದ್ದರು. ನನ್ನ ಅಜ್ಜಿಯ ಮುಖ ನನ್ನ ಮಕ್ಕಳಿಗೆ ಗೊತ್ತಿರುವುದು ಅಂಥ ಒಂದು ಅಂಚೆಚೀಟಿ ಗಾತ್ರದ ಫೋಟೋದಿಂದ. ಆಮೇಲೆ ಗಲ್ಫಿಗೆ ಹೋದವರು ಟೇಪ್ ರೆಕಾರ್ಡರ್ ಜೊತೆಗೆ ಯಾಶಿಕಾ ಕ್ಯಾಮೆರಾವನ್ನೂ ತಂದರು. 1966ರಲ್ಲಿ ಬಂದ ಯಾಶಿಕಾ ಇಲೆಕ್ಟ್ರೋ 35ಕ್ಕೆ ಇದ್ದದ್ದು ಬಿಚ್ಚಲಾಗದ ಒಂದೇ ಲೆನ್ಸ್, 45 ಎಂಎಂ. ಆಯ್ಕೆಯ ತಲೆನೋವೇ ಇಲ್ಲ. ಹತ್ತಿರ ಬೇಕೆಂದರೆ ಹತ್ತಿರ ನಡೆಯಬೇಕು, ಅಷ್ಟೆ. ಹಳೆಯ ಮದುವೆಗಳ ಫೋಟೋಗಳಲ್ಲಿ ಎಲ್ಲರ ಮುಖ ಕಾಣುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಇಷ್ಟು ಹೇಳಿ ಮುಗಿಸುವಾಗ ಮಗಳು 70–300ನ್ನು ತಾನೇ ಕಪಾಟಿಗೆ ಇಟ್ಟಳು.

ಉಳಿದ ಎರಡರ ಲೆಕ್ಕವನ್ನು ಇಬ್ಬರೂ ಕೂಡಿ ಮಾಡಿದೆವು. ಅವಳ ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಹಳೆಯ ರೀಲಿಗಿಂತ ಚಿಕ್ಕದು. ಅದರಲ್ಲಿ 18 ಎಂಎಂಗೆ ಇಟ್ಟರೆ ಮೂರು ಮೀಟರ್ ದೂರದಿಂದ ಸುಮಾರು ನಾಲ್ಕು ಮೀಟರ್ ಅಗಲ ಕಾಣುತ್ತದೆ. ಇಡೀ ಸಂಸಾರ ಹಿಡಿಸುತ್ತದೆ, ಅಂಚಿನಲ್ಲಿ ನಿಂತವರ ಮುಖ ಮಾತ್ರ ಸ್ವಲ್ಪ ಎಳೆದಂತಾಗುತ್ತದೆ. 35 ಎಂಎಂನಲ್ಲಿ ಕಾಣುವುದು ಎರಡು ಮೀಟರ್. ಆದರೆ ಅದರ ಎಫ್ ಸಂಖ್ಯೆ 1.8. ಈ ಸಂಖ್ಯೆ ಸಣ್ಣದಾದಷ್ಟೂ ಬೆಳಕಿನ ಕಿಟಕಿ ದೊಡ್ಡದು. 18–55 ಲೆನ್ಸಿನ ಉದ್ದನೆಯ ತುದಿಯಲ್ಲಿ ಆ ಸಂಖ್ಯೆ 5.6. ಅದಕ್ಕೆ ಹೋಲಿಸಿದರೆ ಚಿಕ್ಕ ಲೆನ್ಸ್ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಮಗ್ರಿಬ್ ಹೊತ್ತಿನಲ್ಲಿ, ಮನೆಯೊಳಗೆ, ಫ್ಲಾಶ್ ಇಲ್ಲದೆ ಮುಖ ತೆಗೆಯಲು ಅದೇ ಬೇಕು. ಓಡುವ ತೊಟ್ಟಿಲು, ಜಾರುವ ಮಕ್ಕಳನ್ನು ಅಲುಗದಂತೆ ಹಿಡಿಯಲು ಸೆಕೆಂಡಿನ ಐನೂರನೇ ಒಂದು ಭಾಗದಷ್ಟು ವೇಗ ಇಟ್ಟಾಗಲೂ ಈ ಹೆಚ್ಚಿನ ಬೆಳಕು ನೆರವಾಗುತ್ತದೆ. ಹಗಲಿಗೆ 18–55, ಸಂಜೆಗೆ 35 ಎಂದು ತೀರ್ಮಾನವಾಯಿತು. ದಾರಿಯ ಧೂಳಿನಲ್ಲಿ ಲೆನ್ಸ್ ಬದಲಿಸಬಾರದು, ಮನೆಯೊಳಗೆ ಮಾತ್ರ ಎಂದೂ ಮಾತಾಯಿತು.

ಹುಬ್ಬಳ್ಳಿ, ಬೆಳಗಾವಿ ದಾಟಿ ಸಂಕೇಶ್ವರದ ಬಳಿ ಹೆದ್ದಾರಿ ಬಿಟ್ಟು ಹಲಕರ್ಣಿಗೆ ಹೋದೆವು. ಅಂಗಡಿಯಲ್ಲಿ ಒಬ್ಬರು ಕನ್ನಡದಲ್ಲಿ ಕೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ ಕೇಳುತ್ತಾರೆ. ಭಾವ ಇಬ್ಬರಿಗೂ ಅವರವರ ಮಾತಿನಲ್ಲಿ ಉತ್ತರಿಸಿ, ಒಳಗೆ ಬಂದು ನಮ್ಮೊಡನೆ ಬ್ಯಾರಿ ಬಾಸೆಯಲ್ಲಿ ಮಾತಾಡುತ್ತಾರೆ.

ಮರುದಿನ ಕೋಲ್ಹಾಪುರದ ದಾರಿಯಲ್ಲಿ ಕಾಗಲ್ ಬಂದಾಗ ಕಾರು ನಿಲ್ಲಿಸಿ ಚಹಾ ಕುಡಿದೆವು. ಈ ಕಾಗಲ್‌ನಲ್ಲಿ 1886ರಲ್ಲಿ ಹುಟ್ಟಿದವರು ಶೇಖ್ ಫತ್ತೇಲಾಲ್. ಕೋಲ್ಹಾಪುರದ ಬಾಬುರಾವ್ ಪೇಂಟರ್ ಅವರ ಗರಡಿಯಲ್ಲಿ ಪಳಗಿದ ಕಲಾವಿದ. ಬಾಬುರಾವ್ ಮೂಲತಃ ನಾಟಕದ ಪರದೆಗಳನ್ನು ಬರೆಯುತ್ತಿದ್ದವರು. ದಾದಾಸಾಹೇಬ್ ಫಾಲ್ಕೆ 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್‌ಸನ್ ಕ್ಯಾಮೆರಾ ಕೊಂಡು ತಂದಿದ್ದರು. ಬಾಬುರಾವ್ ಮತ್ತು ಅವರ ದಾಯಾದಿ ಅಣ್ಣ ಆನಂದರಾವ್ ಕ್ಯಾಮೆರಾವನ್ನು ಊರಲ್ಲೇ ತಯಾರಿಸಲು ಹೊರಟರು. ಆನಂದರಾವ್ 1916ರಲ್ಲಿ ತೀರಿಕೊಂಡರು. ಬಾಬುರಾವ್ ಬಿಡಲಿಲ್ಲ. ಶಿಷ್ಯ ದಾಮ್ಲೆಯವರ ನೆರವಿನಿಂದ 1918ರ ಹೊತ್ತಿಗೆ ಕ್ಯಾಮೆರಾ ಸಿದ್ಧವಾಯಿತು. 1920ರಲ್ಲಿ ಅವರ ಮಹಾರಾಷ್ಟ್ರ ಫಿಲ್ಮ್ ಕಂಪೆನಿಯಿಂದ ‘ಸೈರಂಧ್ರಿ’ ತೆರೆಗೆ ಬಂತು. ಕೋಲ್ಹಾಪುರ ನಗರ ಅವರ ನೆನಪಿಗೆ ಒಂದು ಕ್ಯಾಮೆರಾ ಸ್ತಂಭವನ್ನೇ ನಿಲ್ಲಿಸಿದೆ.

1929ರಲ್ಲಿ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮೊದಲಾದವರು ಕೋಲ್ಹಾಪುರದಲ್ಲೇ ಪ್ರಭಾತ್ ಫಿಲ್ಮ್ ಕಂಪೆನಿ ಕಟ್ಟಿದರು. 1933ರಲ್ಲಿ ಅದು ಪುಣೆಗೆ ಹೋಯಿತು. ದಾಮ್ಲೆ ಮತ್ತು ಫತ್ತೇಲಾಲ್ ಕೂಡಿ ನಿರ್ದೇಶಿಸಿದ 1936ರ ‘ಸಂತ ತುಕಾರಾಮ್’ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ವಾರಕರಿ ಸಂತನ ಕಥೆಯನ್ನು ಕಾಗಲ್‌ನ ಒಬ್ಬ ಶೇಖ್ ಮತ್ತು ಒಬ್ಬ ದಾಮ್ಲೆ ಜೊತೆಯಾಗಿ ಹೇಳಿದ್ದರು. ನಮ್ಮ ‘ಬ್ಯಾರಿ’ ಸಿನಿಮಾ 59ನೇ ರಾಷ್ಟ್ರಪ್ರಶಸ್ತಿಯಲ್ಲಿ ಸ್ವರ್ಣಕಮಲ ಪಡೆದಾಗ ಅದನ್ನು ಹಂಚಿಕೊಂಡದ್ದು ‘ದೇವೂಳ್’ ಎಂಬ ಮರಾಠಿ ಚಿತ್ರದ ಜೊತೆ ಎಂಬುದನ್ನೂ ಮಕ್ಕಳಿಗೆ ಅಲ್ಲೇ ಹೇಳಿದೆ. ಉಮ್ಮ ಚಹಾದ ಲೋಟ ಕೆಳಗಿಟ್ಟು, ‘ಹಾಗಾದರೆ ನಾವು ನೆಂಟರ ಊರಿಗೇ ಬಂದಿದ್ದೇವೆ’ ಎಂದರು.

ಕಣೇರಿಯಲ್ಲಿ ನಾವು ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಇಂಥ ಜಾಗಗಳಲ್ಲಿ ಕ್ಯಾಮೆರಾದ ನಿಯಮವನ್ನು ಬಾಗಿಲಲ್ಲೇ ಕೇಳಿಕೊಳ್ಳುವುದು ಒಳ್ಳೆಯದು. ನಮಗೆ ಆ ಅಗತ್ಯವೂ ಬೀಳಲಿಲ್ಲ. ಕುಂಬಾರ, ಕಮ್ಮಾರ, ಬಡಗಿ ಹೀಗೆ ಹಳ್ಳಿಯನ್ನು ನಡೆಸುತ್ತಿದ್ದ ಹನ್ನೆರಡು ಬಲುತೇದಾರರ ಬದುಕನ್ನು ಅಲ್ಲಿ ಮೂರ್ತಿಗಳಲ್ಲಿ ತೋರಿಸಿದ್ದಾರೆ. ಉಮ್ಮ ಒಂದೊಂದರ ಮುಂದೆಯೂ ನಿಂತು, ತನ್ನ ಬಾಲ್ಯದ ಊರಿನಲ್ಲಿ ಆ ಕೆಲಸ ಯಾರು ಮಾಡುತ್ತಿದ್ದರು ಎಂದು ಹೇಳುತ್ತ ಹೋದರು. ಭತ್ತ ಕುಟ್ಟಿದ್ದು, ಬೀಡಿ ಕಟ್ಟಿ ಮಕ್ಕಳ ಫೀಸು ಕಟ್ಟಿದ್ದು, ಹೊಳೆ ದಾಟಿ ಮೀನು ತಂದ ಬಾಪನಿಗಾಗಿ ಕಾದದ್ದು. ಇವುಗಳಲ್ಲಿ ಅರ್ಧವನ್ನು ನಾನೂ ಮೊದಲ ಸಲ ಕೇಳಿದ್ದು. ಮೊಣಕಾಲು ನೋವಿನ ಮಾತು ಬರಲೇ ಇಲ್ಲ.

ಫೋಟೋ ಆದದ್ದು ಅಂದು ಸಂಜೆ, ಹಲಕರ್ಣಿಯಲ್ಲಿ. ತಂಗಿಯ ಮನೆಯ ಹೊಸ್ತಿಲಲ್ಲಿ ಉಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಪಡುವಣ ಬೆಳಕು ಇನ್ನೇನು ಹೋಗುವುದರಲ್ಲಿತ್ತು. ಮಗಳು ಚಿಕ್ಕ ಲೆನ್ಸ್ ಹಾಕಿಕೊಂಡು ಬಂದು, ‘ತೆಗೆಯಲಾ?’ ಎಂದು ಕೇಳಿದಳು. ಉಮ್ಮ ತಲೆಯ ಮೇಲಿನ ಶಾಲು ಸರಿಮಾಡಿಕೊಂಡು, ‘ನಿನ್ನ ಉಪ್ಪನಿಗೂ ಇಲ್ಲಿ ಬಂದು ಕೂರಲು ಹೇಳು’ ಎಂದರು. ನಾನು ಹೋಗಿ ಕೂತೆ. ಮಗಳು ನಿಂತದ್ದು ಎರಡು ಹೆಜ್ಜೆ ದೂರದಲ್ಲಿ.

ಆ ಫೋಟೋವನ್ನು ತೊಳೆಸಿ, ಹಿಂಬದಿಯಲ್ಲಿ ಊರು, ತಾರೀಕು, ಹೆಸರು ಬರೆದು ಬಾಪನ ಬೆನ್ನಿನ ಫೋಟೋದ ಪಕ್ಕದಲ್ಲೇ ಇಟ್ಟಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ಹಳೆಯ ಫೋಟೋಗಳಿರಬಹುದು. ಮುಖ ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರನ್ನು ಹತ್ತಿರ ಕೂರಿಸಿಕೊಂಡು, ಒಂದೊಂದರ ಹಿಂದೆಯೂ ಹೆಸರು ಬರೆದಿಡಿ. ಮುಂದಿನ ಪ್ರವಾಸಕ್ಕೆ ಒಂದೇ ಲೆನ್ಸ್ ಒಯ್ಯುವುದಾದರೆ, ಮನೆಯವರ ಪಕ್ಕದಲ್ಲೇ ನಿಂತು ಮನೆಯವರನ್ನು ತೆಗೆಯಲು ಆಗುವಂಥದ್ದನ್ನು ಒಯ್ಯಿರಿ.